ಸೊಹ್ರಾಬ್ ಸತ್ತ ಮೇಲೆ ಬಂದ ಮದ್ದು

ಸಿಲಿಂಡರ್ ತಡವಾಗಿ ಬಂದರೆ ನನ್ನ ಇರಾನಿ ಗೆಳೆಯ ಒಂದು ಮಾತು ಹೇಳುತ್ತಿದ್ದ. ನಾವು ಹೋಟೆಲಿನಲ್ಲಿ ಉಂಡು ಬಂದ ಮೇಲೆ ಗ್ಯಾಸಿನವನು ಬೆಲ್ ಒತ್ತಿದರೆ ಅದೇ ಮಾತು. ಒಣಗಲು ಹಾಕಿದ ಬಟ್ಟೆಯೆಲ್ಲ ನೆನೆದ ಮೇಲೆ ಯಾರಾದರೂ ಓಡಿಬಂದು "ಮಳೆ ಬರ್ತಿದೆ" ಅಂದರೂ ಅದೇ ಮಾತು. "ನೂಶ್‌ದಾರೂ ಪಸ್ ಅಜ್ ಮರ್ಗೆ ಸೊಹ್ರಾಬ್." ಸೊಹ್ರಾಬ್ ಸತ್ತ ಮೇಲೆ ಬಂದ ಮದ್ದು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಅನ್ನುತ್ತೇವಲ್ಲ, ಹಾಗೆ. ಕೇಳಿ ಕೇಳಿ ನನಗೂ ರೂಢಿಯಾಗಿ, ಒಂದು ದಿನ ಬಸ್ ತಪ್ಪಿದಾಗ ನಾನೇ ಅಂದುಬಿಟ್ಟೆ. ಅವನು ನಕ್ಕು, "ಸೊಹ್ರಾಬ್ ಯಾರು ಅಂತ ಗೊತ್ತಾ ನಿನಗೆ?" ಅಂದ. ಗೊತ್ತಿರಲಿಲ್ಲ.

ಇದು 2009ರ ಮೈಸೂರು. ಸರಸ್ವತಿಪುರಂನಲ್ಲಿ ಮೇಲಂತಸ್ತಿನ ಮನೆ, ನಾವು ನಾಲ್ಕು ಜನ. ಆ ವರ್ಷಗಳಲ್ಲಿ ಮೈಸೂರಿನಲ್ಲಿ ಓದಲು ಬಂದ ಇರಾನಿಗಳು ಬಹಳ ಇದ್ದರು. ಹಳಬರಿಗೆ ನೆನಪಿರುತ್ತದೆ. ನಮ್ಮ ನಾಲ್ವರಲ್ಲಿ ಇಬ್ಬರು ಇರಾನಿಗಳು. ಒಬ್ಬ ಅಡುಗೆ ಮಾಡುತ್ತಿದ್ದ, ಇನ್ನೊಬ್ಬ ಗಾದೆ ಹೇಳುತ್ತಿದ್ದ. ನಾನು ಹೇಳುತ್ತಿರುವುದು ಗಾದೆಯವನ ಬಗ್ಗೆ. ಅವನು ಶಿರಾಜ್‌ನವನು.

ಸೊಹ್ರಾಬನ ಕಥೆ ನನಗೆ ಸಿಕ್ಕಿದ್ದು ಡಿಸೆಂಬರಿನ ಒಂದು ರಾತ್ರಿ. ಅವರಿಗೆ ಅದು ಯಲ್ದಾ, ವರ್ಷದ ಅತಿ ಉದ್ದದ ರಾತ್ರಿ. ದಾಳಿಂಬೆ, ಕಲ್ಲಂಗಡಿ, ಬಾದಾಮಿ ಇಟ್ಟುಕೊಂಡು ಬೆಳಗಿನ ತನಕ ಕೂರಬೇಕು. ಕವಿ ಹಾಫಿಜನ ಪುಸ್ತಕ ಕಣ್ಣುಮುಚ್ಚಿ ತೆರೆದು, ಸಿಕ್ಕ ಪುಟದಲ್ಲಿ ತಮ್ಮ ಭವಿಷ್ಯ ನೋಡಬೇಕು. ದೇವರಾಜ ಮಾರ್ಕೆಟ್ಟಿನಿಂದ ದಾಳಿಂಬೆ ತಂದಿದ್ದೆವು. ಚಳಿಗಾಲದಲ್ಲಿ ಕಲ್ಲಂಗಡಿಗೆ ಅಲೆದದ್ದೇ ಬೇರೆ ಕಥೆ, ಬಿಡಿ. ಹತ್ತು ಗಂಟೆಗೆ ಕರೆಂಟ್ ಹೋಯಿತು. ಮೊಂಬತ್ತಿ ಹಚ್ಚಿದೆವು. ಹಾಫಿಜನನ್ನು ಓದಲು ಬೆಳಕು ಸಾಲದು, ಸೊಹ್ರಾಬನ ಕಥೆ ಬಾಯಲ್ಲೇ ಇದೆ ಅಂತ ಅವನು ಎದ್ದು ನಿಂತ. ತವಾ ಗುರಾಣಿಯಾಯಿತು. ಸೌಟು ಗದೆಯಾಯಿತು.

ಇರಾನಿನ ಮಹಾವೀರ ರೊಸ್ತಮ್ ಬೇಟೆಗೆ ಹೋದವನು ಕುದುರೆ ಕಳೆದುಕೊಂಡು ಸಮಂಗಾನ್ ಎಂಬ ಊರಿಗೆ ಬರುತ್ತಾನೆ. ಅಲ್ಲಿನ ರಾಜಕುಮಾರಿ ತಹ್ಮೀನೆ ರಾತ್ರಿ ತಾನಾಗಿಯೇ ಅವನ ಕೋಣೆಗೆ ಬರುತ್ತಾಳೆ. ಬೆಳಗಾದರೆ ಅವನು ಹೊರಟ. ಹುಟ್ಟುವ ಮಗುವಿಗಿರಲಿ ಅಂತ ಒಂದು ಮಣಿ ಕೊಟ್ಟ, ಅಷ್ಟೇ. ಮಗ ಸೊಹ್ರಾಬ್ ಬೆಳೆದು ಸೈನ್ಯ ಕಟ್ಟಿಕೊಂಡು ಅಪ್ಪನನ್ನು ಹುಡುಕುತ್ತಾ ಇರಾನಿಗೆ ಬರುತ್ತಾನೆ. ಅವನ ಆಸೆ ಏನು ಗೊತ್ತೇ? ಕಾವೂಸ್ ಎಂಬ ರಾಜನನ್ನು ಇಳಿಸಿ ಅಪ್ಪನನ್ನು ಸಿಂಹಾಸನದಲ್ಲಿ ಕೂರಿಸುವುದು. ಆದರೆ ರಣರಂಗದಲ್ಲಿ ಎದುರಾಗುವವನು ಆ ಅಪ್ಪನೇ. "ನೀನು ರೊಸ್ತಮ್ ಅಲ್ವಾ?" ಅಂತ ಹುಡುಗ ಕೇಳುತ್ತಾನೆ. ಅಲ್ಲ ಅನ್ನುತ್ತಾನೆ ಅಪ್ಪ. ಕುಸ್ತಿಯಲ್ಲಿ ಹುಡುಗ ಅಪ್ಪನನ್ನು ಕೆಡವುತ್ತಾನೆ, ಕತ್ತಿ ಎತ್ತುತ್ತಾನೆ. ಮೊದಲ ಸಲ ಬಿದ್ದವನನ್ನು ಕೊಲ್ಲುವುದು ನಮ್ಮಲ್ಲಿ ಪದ್ಧತಿಯಲ್ಲ ಅಂತ ರೊಸ್ತಮ್ ಸುಳ್ಳು ಹೇಳಿ ಬಚಾವಾಗುತ್ತಾನೆ. ಮುಂದಿನ ಸಲ ಕೆಳಗೆ ಬಿದ್ದವನು ಸೊಹ್ರಾಬ್. ಅಪ್ಪ ಆ ಪದ್ಧತಿಯನ್ನೆಲ್ಲ ಮರೆತು ಚೂರಿ ಹಾಕುತ್ತಾನೆ. ಸಾಯುತ್ತಾ ಹುಡುಗ ಹೇಳುತ್ತಾನೆ, ನನ್ನ ಅಪ್ಪ ರೊಸ್ತಮ್ ನಿನ್ನನ್ನು ಬಿಡುವುದಿಲ್ಲ ಅಂತ.

ಆಮೇಲೆ ಸೌಟು ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಸುಮ್ನೆ ಇರಲಾರದೆ, ನಮ್ಮಲ್ಲೂ ಇಂಥ ಕಥೆ ಇದೆ ಅಂತ ಬಭ್ರುವಾಹನನ ಕಥೆ ಹೇಳಿದೆ. ನಮ್ಮೂರಿನ ದೊಡ್ಡಾಟದಲ್ಲಿ ಬೆಳಗಿನ ಜಾವ ಕಣ್ಣುಜ್ಜಿಕೊಂಡು ನೋಡಿದ್ದು. ಅಪ್ಪ ಮಗನನ್ನು ಮಗನೇ ಅಲ್ಲ ಅಂತ ಹೀಯಾಳಿಸುತ್ತಾನೆ, ಮಗ ಅಪ್ಪನ ತಲೆ ಹಾರಿಸುತ್ತಾನೆ. ಆಮೇಲೆ ನಾಗಲೋಕದಿಂದ ಮಣಿ ಬರುತ್ತದೆ, ಅರ್ಜುನ ಎದ್ದು ಕೂರುತ್ತಾನೆ, ಎಲ್ಲರೂ ಯಾಗಕ್ಕೆ ಹೋಗುತ್ತಾರೆ. ಅವನು ಬಾಯಿಬಿಟ್ಟುಕೊಂಡು ಕೇಳಿದ. "ಎದ್ದು ಕೂರ್ತಾನಾ? ನಿಮಗೆ ಮದ್ದು ಟೈಮಿಗೆ ಸರಿಯಾಗಿ ಬರುತ್ತೆ ಹಾಗಾದರೆ" ಅಂದ. ಸಿಲಿಂಡರ್ ಮಾತ್ರ ಬರಲ್ಲ ಅಂದೆ.

ಅವತ್ತು ನಾನು ಒಂದು ವಿಷಯ ಕೇಳಲಿಲ್ಲ. ಮದ್ದು ಯಾಕೆ ತಡವಾಯಿತು ಅಂತ. ಗಾದೆ ಅಂದರೆ ಗಾದೆ. ತಡ ಅಂದರೆ ತಡ. ಅವನೂ ಹೇಳಲಿಲ್ಲ. ನಾನು ಅದನ್ನು ಕೇಳಿಸಿಕೊಂಡದ್ದು ಹದಿಮೂರು ವರ್ಷ ಆದ ಮೇಲೆ, ಅವನ ಬಾಯಿಂದಲ್ಲ.

ನಾಲ್ಕು ಆಯ್ಕೆಗಳ ಮಹಾಕಾವ್ಯ

ಸೊಹ್ರಾಬನ ಕಥೆ ಬರುವುದು ಇರಾನಿನ ಮಹಾಕಾವ್ಯ ಶಾಹನಾಮೆಯಲ್ಲಿ. ಅದನ್ನು ಬರೆದ ಫಿರ್ದೌಸಿ ಹುಟ್ಟಿದ್ದು ಸುಮಾರು 940ರಲ್ಲಿ, ಇರಾನಿನ ತೂಸ್ ಹತ್ತಿರ. ಪಂಪ ತನ್ನ ಭಾರತವನ್ನು ಮುಗಿಸಿದ್ದು 941ರ ಸುಮಾರಿಗೆ. ಅಂದರೆ ನಮ್ಮಲ್ಲಿ ಅರಿಕೇಸರಿಯನ್ನು ಅರ್ಜುನನಾಗಿ ಮೆರೆಸುತ್ತಿದ್ದ ಹೊತ್ತಿಗೆ ಅಲ್ಲಿ ಆ ಮಗು ತೊಟ್ಟಿಲಲ್ಲಿತ್ತು. ಶಾಹನಾಮೆ ಮುಗಿದಿದ್ದು 1010ರಲ್ಲಿ. ಹತ್ತಿರ ಹತ್ತಿರ 50,000 ದ್ವಿಪದಿಗಳು. ಈ ಲೆಕ್ಕ ನನಗೆ ಯಾವಾಗಲೂ ಸ್ವಲ್ಪ ಹೊಟ್ಟೆಕಿಚ್ಚು ತರುತ್ತದೆ. ಯಾಕೆಂದರೆ ಪಂಪನ ಒಂದು ಪದ್ಯ ಕೊಟ್ಟರೆ ನಾನು ನಿಘಂಟು ಹುಡುಕಬೇಕು. ಅವನು ತವಾ ಹಿಡಿದುಕೊಂಡು ಸಾವಿರ ವರ್ಷದ ಹಿಂದಿನ ಸಾಲನ್ನು ಹಾಗೆಯೇ ಹೇಳುತ್ತಿದ್ದ. ಎಲ್ಲ ಪದವೂ ಅರ್ಥವಾಗುತ್ತಿತ್ತು ಅಂತಲ್ಲ. ಆದರೆ "ಬೆ ನಾಮೆ ಖೊದಾವಂದೆ ಜಾನ್ ಒ ಖೆರದ್" ಅಂತ ಶುರುಮಾಡಿದರೆ ಅಡುಗೆಯವನೂ ಒಳಗಿಂದ ಮುಂದಿನ ಸಾಲು ಕೂಗುತ್ತಿದ್ದ. ಜೀವ ಮತ್ತು ತಿಳಿವಿನ ಒಡೆಯನ ಹೆಸರಿನಲ್ಲಿ ಅಂತ ಅದರ ಅರ್ಥ. ತಿಳಿವನ್ನು ಮೊದಲ ಸಾಲಿಗೇ ತಂದ ಕವಿ ನನಗಂತೂ ಇಷ್ಟ.

ಹಾಗಂತ ಇರಾನಿನ ಹುಡುಗರೆಲ್ಲ ಶಾಹನಾಮೆ ಓದಿಕೊಂಡಿರುತ್ತಾರೆ ಅಂದುಕೊಳ್ಳಬೇಡಿ. ಓದಿದ್ದೀಯಾ ಅಂತ ಒಮ್ಮೆ ಕೇಳಿದ್ದಕ್ಕೆ, "ನೀನು ಮಹಾಭಾರತ ಓದಿದ್ದೀಯಾ?" ಅಂದ. ಇಬ್ಬರೂ ಸುಮ್ಮನಾದೆವು. ಅವನಿಗೆ ಗೊತ್ತಿದ್ದದ್ದು ಶಾಲೆಯ ಪುಸ್ತಕದ ತುಂಡುಗಳು, ಅಜ್ಜ ಹೇಳಿದ್ದು, ಮತ್ತೆ ಕೊಂಕೂರ್. ಕೊಂಕೂರ್ ಅಂದರೆ ಅಲ್ಲಿನ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ, ನಮ್ಮ ಸಿಇಟಿಯ ದೊಡ್ಡಣ್ಣ. ಎಂಜಿನಿಯರಿಂಗಿಗೆ ಹೋಗುವವನಿಗೂ ಅದರಲ್ಲಿ ಸಾಹಿತ್ಯದ ಪ್ರಶ್ನೆಗಳಿದ್ದವು. "ಈ ದ್ವಿಪದಿಯಲ್ಲಿರುವ ಅಲಂಕಾರ ಯಾವುದು? ನಾಲ್ಕರಲ್ಲಿ ಸರಿಯಾದುದನ್ನು ಆರಿಸಿ." ಸೊಹ್ರಾಬ್ ಸಾಯುವ ಸಾಲಿನಲ್ಲಿ ಉತ್ಪ್ರೇಕ್ಷೆ ಇದೆಯೋ ರೂಪಕ ಇದೆಯೋ ಅಂತ ಟಿಕ್ ಹಾಕಿ ಹಾಕಿ ಅವನಿಗೆ ಅಳುವೇ ಹೋಗಿತ್ತಂತೆ. ಮೈಸೂರಿನಲ್ಲಿ ಕರೆಂಟ್ ಹೋದ ರಾತ್ರಿ ಆ ಅಳು ವಾಪಸ್ ಬಂತು ಅಂತ ಆಮೇಲೆ ಹೇಳಿದ.

ಹಿಂದೆ ಹೀಗಿರಲಿಲ್ಲ. ಕಾಫಿಮನೆಗಳಲ್ಲಿ ನಕ್ಕಾಲ್ ಅಂತ ಕಥೆಗಾರ ಇರುತ್ತಿದ್ದ. ಕೋಲು ಹಿಡಿದು, ಚಪ್ಪಾಳೆ ತಟ್ಟಿ, ರಾತ್ರಿಗೊಂದು ಕಂತು ಹೇಳುತ್ತಿದ್ದ. ಸೊಹ್ರಾಬನನ್ನು ಕೊಲ್ಲುವ ದಿನ ಕಾಲಿಡಲು ಜಾಗ ಇರುತ್ತಿರಲಿಲ್ಲ. ಇವತ್ತೊಂದು ದಿನ ಅವನನ್ನು ಕೊಲ್ಲಬೇಡ ಅಂತ ನಕ್ಕಾಲನಿಗೆ ದುಡ್ಡು ಕೊಡುವವರೂ ಇದ್ದರಂತೆ. 2011ರಲ್ಲಿ ಯುನೆಸ್ಕೊ ಈ ಕಲೆಯನ್ನು ತುರ್ತಾಗಿ ಉಳಿಸಬೇಕಾದವುಗಳ ಪಟ್ಟಿಗೆ ಸೇರಿಸಿತು. ಪಟ್ಟಿಗೆ ಸೇರಿತು ಅಂದರೆ ಊರಿನಿಂದ ಹೋಯಿತು ಅಂತಲೇ ಅರ್ಥ. ಆದರೆ ಅದೇ ಕಾಲಕ್ಕೆ ಗಂಡಸರ ಆ ಜಾಗಕ್ಕೆ ಒಬ್ಬ ಹೆಂಗಸು ಬಂದಿದ್ದರು. ಫಾತೆಮೆ ಹಬೀಬಿಜಾದ್ ಅಂತ. ಅವರು ಇಟ್ಟುಕೊಂಡ ಹೆಸರು ಗೊರ್ದಾಫರೀದ್. ಸೊಹ್ರಾಬನ ಕಥೆಯಲ್ಲೇ ಬರುವ ಯೋಧೆಯ ಹೆಸರದು. ಕೂದಲನ್ನು ಶಿರಸ್ತ್ರಾಣದ ಒಳಗೆ ಮುಚ್ಚಿಟ್ಟು ಗಂಡಿನಂತೆ ಹೋರಾಡುತ್ತಾಳೆ. ಶಿರಸ್ತ್ರಾಣ ಬೀಳುತ್ತದೆ, ಕೂದಲು ಹರಡುತ್ತದೆ, ಸೊಹ್ರಾಬ್ ದಂಗಾಗುತ್ತಾನೆ. ಈ ಭಾಗ ಇರಾನಿನ ಶಾಲೆಯ ಪಠ್ಯದಲ್ಲೂ ಇದೆ. ಹೆಣ್ಣುಮಕ್ಕಳು ತಲೆ ಮುಚ್ಚಿಕೊಂಡು ಕೂತು ಆ ಕೂದಲಿನ ಸಾಲುಗಳನ್ನು ಬಾಯಿಪಾಠ ಮಾಡಬೇಕು.

ಕೂದಲು

2022ರ ಸೆಪ್ಟೆಂಬರ್ 16ರಂದು ಮಹ್ಸಾ ಅಮಿನಿ ಟೆಹ್ರಾನಿನ ಆಸ್ಪತ್ರೆಯಲ್ಲಿ ತೀರಿಕೊಂಡಳು. 22 ವರ್ಷದ ಹುಡುಗಿ. ಹಿಜಾಬ್ ಸರಿಯಾಗಿ ಹಾಕಿಲ್ಲ ಅಂತ ಪೊಲೀಸರು ಹಿಡಿದೊಯ್ದಿದ್ದರು. ಆಮೇಲೆ ದೇಶವೆಲ್ಲ ಬೀದಿಗಿಳಿದದ್ದು ನಿಮಗೆ ಗೊತ್ತು. ನಾನು ಹೇಳಬೇಕೆಂದಿರುವುದು ಅವತ್ತಿನ ಚಿತ್ರಗಳಲ್ಲಿ ನಾವು ಇಲ್ಲಿಂದ ತಪ್ಪಾಗಿ ಓದಿಕೊಂಡ ಒಂದು ವಿಷಯ. ಹೆಂಗಸರು ಗೋರಿಗಳ ಮುಂದೆ, ರಸ್ತೆಯಲ್ಲಿ, ಕ್ಯಾಮೆರಾ ಎದುರು ಕೂದಲು ಕತ್ತರಿಸಿಕೊಂಡರು. ಹಿಜಾಬಿನ ವಿರುದ್ಧ ಸಿಟ್ಟು ಅಂತ ನಾನು ಅಂದುಕೊಂಡೆ. ಸಿಟ್ಟೇನೋ ಹೌದು. ಆದರೆ ಶಾಹನಾಮೆಯಲ್ಲಿ ಸಿಯಾವಷ್ ಎಂಬ ತಪ್ಪಿಲ್ಲದ ತರುಣನನ್ನು ಕೊಂದಾಗ ಅವನ ಹೆಂಡತಿ ಫರಂಗೀಸ್ ತನ್ನ ಜಡೆಯನ್ನು ಕತ್ತರಿಸಿ ಸೊಂಟಕ್ಕೆ ಕಟ್ಟಿಕೊಳ್ಳುತ್ತಾಳೆ. ಅದು ಸೂತಕ. ಆ ಸಾಲುಗಳು ಆ ವಾರಗಳಲ್ಲಿ ಫೋನಿನಿಂದ ಫೋನಿಗೆ ಹೋದವು. ಕೊಂಕೂರ್‌ನ ನಾಲ್ಕು ಆಯ್ಕೆಗಳಿಂದ ಎದ್ದು ಬಂದವು ಅನ್ನಬಹುದು.

ಬೀದಿಯ ಘೋಷಣೆಗಳಲ್ಲಿ ಶಾಹನಾಮೆಯ ಜಹ್ಹಾಕ್ ಬಂದ. ಹೆಗಲ ಮೇಲೆ ಎರಡು ಹಾವು ಬೆಳೆಸಿಕೊಂಡ ರಾಜ. ಹಾವುಗಳಿಗೆ ದಿನಕ್ಕೆ ಇಬ್ಬರು ತರುಣರ ಮೆದುಳು ಬೇಕು. ಬೇರೆ ಯಾರದೂ ಆಗದು, ತರುಣರದೇ. ಇದನ್ನು ಯಾರಿಗೆ ಹೋಲಿಸಿ ಕೂಗಿದರು ಅಂತ ಬಿಡಿಸಿ ಹೇಳಬೇಕಿಲ್ಲ. ತಾನು ಒಳ್ಳೆಯ ರಾಜ ಅಂತ ಜಹ್ಹಾಕ್ ಊರ ದೊಡ್ಡವರಿಂದ ಒಂದು ಕಾಗದಕ್ಕೆ ಸಹಿ ಹಾಕಿಸುತ್ತಾನೆ. ಹಾವುಗಳಿಗೆ ಮಕ್ಕಳನ್ನು ಕಳೆದುಕೊಂಡ ಕಮ್ಮಾರ ಕಾವೆ ಅಲ್ಲಿಗೆ ನುಗ್ಗಿ, "ನಾನು ಕಾವೆ, ದಾದ್‌ಖಾಹ್" ಅನ್ನುತ್ತಾನೆ. ನ್ಯಾಯ ಕೇಳಲು ಬಂದವನು ಅಂತ. ಉಳಿದ ಒಬ್ಬ ಮಗನನ್ನು ವಾಪಸ್ ಕೊಡುತ್ತಾರೆ, ಇನ್ನು ನೀನೂ ಸಹಿ ಹಾಕು ಅನ್ನುತ್ತಾರೆ. ಅವನು ಕಾಗದ ಹರಿದು ಹಾಕಿ, ತನ್ನ ಚರ್ಮದ ಏಪ್ರನ್ನನ್ನು ಈಟಿಗೆ ಸಿಕ್ಕಿಸಿ ಬಾವುಟ ಮಾಡುತ್ತಾನೆ. ಇವತ್ತು ಇರಾನಿನಲ್ಲಿ ಮಕ್ಕಳನ್ನು ಕಳೆದುಕೊಂಡು ನ್ಯಾಯ ಕೇಳುತ್ತಿರುವ ತಾಯಂದಿರನ್ನು ಕರೆಯುವುದು ಅದೇ ಪದದಿಂದ. ದಾದ್‌ಖಾಹ್ ತಾಯಂದಿರು.

ಆ ಅಕ್ಟೋಬರಿನಲ್ಲಿ ನನ್ನ ಗೆಳೆಯ ಜರ್ಮನಿಯಲ್ಲಿದ್ದ. ಈಗಲೂ ಅಲ್ಲೇ. ಶಿರಾಜ್‌ನಲ್ಲಿರುವ ಅಕ್ಕನ ಮನೆಗೆ ಫೋನ್ ಸಿಗುತ್ತಿರಲಿಲ್ಲ. ಇನ್ಸ್ಟಾಗ್ರಾಂ, ವಾಟ್ಸಾಪ್ ಎರಡೂ ಬಂದ್. ಫಿಲ್ಟರ್‌ಶೆಕನ್ ಅಂತ ಅವರು ಕರೆಯುವ ವಿಪಿಎನ್ ಹಾಕಿಕೊಂಡು ಅಕ್ಕನ ಮಗಳು ಹೇಗೋ ಬರುತ್ತಿದ್ದಳು. ಒಂದು ಸಂಜೆ ನಾವಿಬ್ಬರೂ ಮಾತಾಡುತ್ತಿದ್ದಾಗ ಅವಳು ಬಂದಳು, ಅವನು ನನ್ನನ್ನೂ ಸೇರಿಸಿದ. ಹದಿನೆಂಟು ವರ್ಷ. ಚಿತ್ರ ಒಡೆದು ಒಡೆದು ಬರುತ್ತಿತ್ತು. ಮೈಸೂರಿನ ಮಾಮ ಅಂತ ಪರಿಚಯ ಮಾಡಿಸಿದ. ಅವಳಿಗೆ ಖುಷಿಯಾಗಲಿ ಅಂತ ನಾನು ನನಗೆ ಗೊತ್ತಿದ್ದ ಒಂದೇ ಒಂದು ಪರ್ಷಿಯನ್ ವಾಕ್ಯ ಹೇಳಿದೆ. ಆ ವಾರ ಒಂದು ದೊಡ್ಡ ದೇಶ ಏನೋ ಖಂಡನೆ ಹೊರಡಿಸಿತ್ತು, ಅದಕ್ಕೆ ಅದು ಹೊಂದುತ್ತದೆ ಅನ್ನಿಸಿತು. ಸೊಹ್ರಾಬ್ ಸತ್ತ ಮೇಲೆ ಬಂದ ಮದ್ದು.

ಅವಳು ನಗಲಿಲ್ಲ. ಮುರುಕು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು. "ಎಲ್ಲರೂ ಅದನ್ನೇ ಹೇಳ್ತಾರೆ. ಮದ್ದು ತಡ ಆಗಲಿಲ್ಲ. ಕೊಡಲಿಲ್ಲ."

ಆಮೇಲೆ ಗೆಳೆಯ ವಿವರಿಸಿದ. ಮಗನ ಹೊಟ್ಟೆಗೆ ಚೂರಿ ಹಾಕಿ, ತೋಳಿನ ಮಣಿ ನೋಡಿದ ಮೇಲೆ, ರೊಸ್ತಮ್ ರಾಜ ಕಾವೂಸನ ಹತ್ತಿರ ಗೂದರ್ಜ್ ಎಂಬ ಸರದಾರನನ್ನು ಓಡಿಸುತ್ತಾನೆ. ನೂಶ್‌ದಾರೂ ರಾಜನ ಬೊಕ್ಕಸದಲ್ಲಿ ಇದೆ. ಕಾವೂಸ್ ಯೋಚಿಸುತ್ತಾನೆ. ಅಪ್ಪ ಒಬ್ಬನೇ ಇಷ್ಟು ಬಲಶಾಲಿ, ಇಂಥ ಮಗನೂ ಬದುಕಿದರೆ ನನ್ನ ಸಿಂಹಾಸನದ ಗತಿಯೇನು? ಕೊಡುವುದಿಲ್ಲ ಅನ್ನುತ್ತಾನೆ. ಗೂದರ್ಜ್ ಬರಿಗೈಲಿ ವಾಪಸ್ ಬರುತ್ತಾನೆ. ನೀನೇ ಹೋಗಿ ಕೇಳು ಅನ್ನುತ್ತಾನೆ. ರೊಸ್ತಮ್ ಹೊರಡುತ್ತಾನೆ, ಅರ್ಧ ದಾರಿಯಲ್ಲಿ ಸುದ್ದಿ ಬರುತ್ತದೆ. ಅಷ್ಟೇ. ಗಾದೆಯಲ್ಲಿ ಮದ್ದು ತಡವಾಗಿಯಾದರೂ ಬರುತ್ತದೆ. ಕಥೆಯಲ್ಲಿ ಮದ್ದು ಬರುವುದೇ ಇಲ್ಲ!

ನನಗೆ ಅವತ್ತು ನಿದ್ದೆ ಬರಲಿಲ್ಲ. ಒಂದು ಗಾದೆ ಒಬ್ಬ ರಾಜನನ್ನು ಎಷ್ಟು ಚೆನ್ನಾಗಿ ಅಡಗಿಸಿಟ್ಟಿತ್ತು ನೋಡಿ. ಸಿಲಿಂಡರಿಗೆ, ಬಸ್ಸಿಗೆ, ಮಳೆಗೆ ಬಳಸಿ ಬಳಸಿ ಕಾವೂಸ್ ಮಾಯ. ನಮ್ಮದೂ ಹಾಗೇ. ಊರು ಕೊಳ್ಳೆ ಹೋದ ಮೇಲೆ ಬಾಗಿಲು ಹಾಕಿದರು ಅನ್ನುತ್ತೇವೆ. ಬಾಗಿಲು ತೆರೆದಿಟ್ಟವರು ಯಾರು ಅಂತ ಯಾರಾದರೂ ಕೇಳಿದ್ದು ನನಗೆ ನೆನಪಿಲ್ಲ.

ನಮ್ಮ ಕಡೆ, ರಾಯಚೂರು ಸೀಮೆಯಲ್ಲಿ, ಮೊಹರಂ ಅಂದರೆ ಅಲಾಯಿ ಹಬ್ಬ. ಹಿಂದೂ ಮುಸ್ಲಿಂ ಎಲ್ಲರೂ ಸೇರುತ್ತಾರೆ. ಕುಣಿಯ ಸುತ್ತ ಹೆಜ್ಜೆ ಹಾಕುತ್ತಾ ಹಸನ್ ಹುಸೇನರ ರಿವಾಯತ್ ಪದಗಳನ್ನು ಕನ್ನಡದಲ್ಲೇ ಹಾಡುತ್ತಾರೆ. ನಾನೂ ಚಿಕ್ಕವನಿದ್ದಾಗ ಕುಣಿದಿದ್ದೇನೆ. ಹುಸೇನರು, ಅವರ ಜೊತೆಯವರು ಕರ್ಬಲಾದ ಯುದ್ಧದಲ್ಲಿ ನೀರಿಲ್ಲದೆ ಸತ್ತರು ಅಂತ ನನ್ನ ತಲೆಯಲ್ಲಿತ್ತು. ಮರುಭೂಮಿ, ಪಾಪ, ನೀರೆಲ್ಲಿ ಸಿಗಬೇಕು ಅಂತ. ಪಕ್ಕದಲ್ಲೇ ಯೂಫ್ರೆಟಿಸ್ ನದಿ ಹರಿಯುತ್ತಿತ್ತು. ಸೈನಿಕರು ಅಡ್ಡ ನಿಂತಿದ್ದರು. ಹಾಡಿನಲ್ಲಿ ಅದೂ ಇದ್ದಿರಬೇಕು. ನನ್ನ ಗಮನ ಹಲಗೆಯ ಪೆಟ್ಟಿನ ಮೇಲಿತ್ತು.

ಹಿರಿಯರ ಜಗಳ, ಕಿರಿಯರ ಜಗಳ

ಇರಾನಿನ ಈಗಿನ ಹುಡುಗರು ಶಾಹನಾಮೆಯನ್ನು ತಲೆ ಮೇಲೆ ಹೊತ್ತುಕೊಂಡು ಕುಣಿಯುತ್ತಿದ್ದಾರೆ ಅಂದರೆ ಸುಳ್ಳಾಗುತ್ತದೆ. ಅದರ ಜೊತೆ ಜಗಳವೇ ಜಾಸ್ತಿ. ಜಗಳ ಹೊಸದಲ್ಲ. 1990ರಲ್ಲಿ ಕವಿ ಅಹ್ಮದ್ ಶಾಮ್ಲೂ ಅಮೆರಿಕದ ಬರ್ಕ್ಲಿಯಲ್ಲಿ ಮಾತಾಡುತ್ತಾ, ಜಹ್ಹಾಕ್ ನಿಜವಾಗಿ ಜನರ ಪರ ಇದ್ದವನು, ಕಥೆಯನ್ನು ಮೇಲ್ವರ್ಗದವರು ತಿರುಚಿದ್ದಾರೆ ಎಂಬ ಅರ್ಥದಲ್ಲಿ ಹೇಳಿ ದೊಡ್ಡ ಗದ್ದಲ ಎಬ್ಬಿಸಿದ್ದರು. ಈಗಿನವರ ಪ್ರಶ್ನೆಗಳು ಇನ್ನೂ ಮನೆಯ ಹತ್ತಿರದವು. ರೊಸ್ತಮ್ ಹೆಸರು ಯಾಕೆ ಮುಚ್ಚಿಟ್ಟ? ತಹ್ಮೀನೆಗೆ ಒಂದು ರಾತ್ರಿ, ಒಂದು ಮಣಿ, ಒಂದು ಹೆಣ. ಇದಕ್ಕೆ ವೀರಗಾಥೆ ಅನ್ನುವುದು ಹೇಗೆ? ನಮ್ಮಜ್ಜನ ಕಾಲದವರು ವಿಧಿ ಅಂತ ಅತ್ತರು. ಗೆಳೆಯನ ಅಕ್ಕನ ಮಗಳು, ಈ ಹುಡುಗಿ, ಅಳುವುದಿಲ್ಲ, ತನಿಖೆ ಮಾಡುತ್ತಾಳೆ.

ಇನ್ನೊಂದು ತೊಡಕೂ ಇದೆ. ಶಾಹನಾಮೆಯ ಜಹ್ಹಾಕ್ ಅರಬ. ಕಾವ್ಯವನ್ನು ಅರಬರನ್ನು ಬೈಯಲು ಬಳಸುವವರು ಇರಾನಿನಲ್ಲೂ ಹೊರಗೂ ಬೇಕಾದಷ್ಟಿದ್ದಾರೆ. ತರುಣರೂ ಇದ್ದಾರೆ. ಈ ಹುಡುಗಿಯ ಗೆಳತಿಯೊಬ್ಬಳು ಖೂಜೆಸ್ತಾನದವಳು, ಮನೆಮಾತು ಅರಬ್ಬಿ. ಇಂಥ ಮಾತು ಬಂದಾಗೆಲ್ಲ ಅವಳು ಒಂದೇ ಉತ್ತರ ಕೊಡುತ್ತಾಳಂತೆ. ರೊಸ್ತಮ್‌ನ ತಾಯಿ ರೂದಾಬೆ ಯಾರ ವಂಶದವಳು, ಪುಸ್ತಕ ತೆಗೆದು ನೋಡಿ. ಜಹ್ಹಾಕ್‌ನ ವಂಶದವಳು. ನಿಮ್ಮ ದೊಡ್ಡ ವೀರನ ಮೈಯಲ್ಲಿ ಹರಿಯುವುದು ಆ ರಕ್ತವೇ. ಫಿರ್ದೌಸಿ ಇದನ್ನು ಮುಚ್ಚಿಡಲಿಲ್ಲ. ಭಕ್ತರಿಗಿಂತ ಕವಿ ದೊಡ್ಡವನು ಅನ್ನಿಸುವುದು ಇಂಥ ಕಡೆ.

ಸರ್ಕಾರಗಳ ಪ್ರೀತಿಯ ಬಗ್ಗೆ ಜಾಸ್ತಿ ಹೇಳುವುದೇನಿಲ್ಲ. 1934ರಲ್ಲಿ ಅಂದಿನ ರಾಜ ರೆಜಾ ಶಾ ತೂಸ್‌ನಲ್ಲಿ ಕವಿಗೆ ದೊಡ್ಡ ಸಮಾಧಿ ಮಂಟಪ ಉದ್ಘಾಟಿಸಿದ. ರಾಜನನ್ನು ಇಳಿಸಿದ 1979ರ ಕ್ರಾಂತಿಯ ನಂತರ ಶಾಹನಾಮೆ, ಅಂದರೆ ರಾಜರ ಪುಸ್ತಕ, ಎಂಬ ಹೆಸರೇ ಇರಿಸುಮುರಿಸಾಯಿತು. ಇಸ್ರೇಲ್ ಜೊತೆಗಿನ 2025ರ ಜೂನ್ ಯುದ್ಧ ಮುಗಿದ ಮೇಲೆ ಟೆಹ್ರಾನಿನ ಚೌಕಗಳಲ್ಲಿ ಇಸ್ಲಾಂಗಿಂತ ಹಿಂದಿನ ವೀರರು ದಿಢೀರಂತ ಕಾಣಿಸಿಕೊಂಡರು. ನವೆಂಬರಿನಲ್ಲಿ ಎಂಗೆಲಾಬ್ ಚೌಕದಲ್ಲಿ, ರಾಜ ಶಾಪೂರ್ ಎದುರು ರೋಮಿನ ಚಕ್ರವರ್ತಿ ಮಂಡಿಯೂರಿದ ಪ್ರತಿಮೆ ನಿಲ್ಲಿಸಿದರು. ಗೆಳೆಯ ಫೋಟೊ ಕಳಿಸಿದ. ಕೆಳಗೆ ಗಾದೆ ಬರೆಯಲು ಹೋಗಿ ಅಳಿಸಿದೆ ಅಂದ. ಸೊಸೆಗೆ, ಅಂದರೆ ಆ ಅಕ್ಕನ ಮಗಳಿಗೆ, ಗೊತ್ತಾದರೆ ಮತ್ತೆ ಪಾಠ ಶುರುಮಾಡುತ್ತಾಳೆ ಅಂತ.

ಸೊಸೆ ಈಗ ನಾಲ್ಕು ಗೆಳತಿಯರ ಜೊತೆ ಶಾಹನಾಮೆಯನ್ನು ಮೊದಲ ಸಾಲಿನಿಂದ ಓದುತ್ತಿದ್ದಾಳೆ. ವಾರಕ್ಕೊಂದು ಸಂಜೆ, ಆನ್‌ಲೈನ್. ಗೆಳೆಯನೂ ಜರ್ಮನಿಯಿಂದ ಸೇರುತ್ತಾನೆ, ಮೈಕ್ ಆಫ್ ಮಾಡಿಕೊಂಡಿರಬೇಕು ಎಂಬ ಷರತ್ತಿನ ಮೇಲೆ. ಮೂರು ವಾರದಿಂದ ಅವರು ಒಂದೇ ಕಡೆ ನಿಂತಿದ್ದಾರೆ. ಜಹ್ಹಾಕ್‌ನ ಅಡುಗೆಮನೆ. ಅಲ್ಲಿ ಅರ್ಮಾಯೆಲ್, ಗರ್ಮಾಯೆಲ್ ಅಂತ ಇಬ್ಬರು ಸಜ್ಜನರು ಬೇಕಂತಲೇ ಅಡುಗೆ ಕಲಿತು ಕೆಲಸಕ್ಕೆ ಸೇರಿರುತ್ತಾರೆ. ದಿನಾ ಬರುವ ಇಬ್ಬರು ಹುಡುಗರಲ್ಲಿ ಒಬ್ಬನ ಮೆದುಳಿಗೆ ಕುರಿಯ ಮೆದುಳು ಬೆರೆಸಿ ಹಾವಿಗೆ ಹಾಕಿ, ಇನ್ನೊಬ್ಬನನ್ನು ಗುಟ್ಟಾಗಿ ಬಿಟ್ಟುಬಿಡುತ್ತಾರೆ. ತಿಂಗಳಿಗೆ ಮೂವತ್ತು ಜನ. ಇನ್ನೂರು ಜನ ಆದಾಗ ಮೇಕೆ ಕುರಿ ಕೊಟ್ಟು ದೂರ ಕಳಿಸುತ್ತಾರೆ. ಕುರ್ದ್ ಜನ ಅವರ ಸಂತತಿ ಅನ್ನುತ್ತದೆ ಶಾಹನಾಮೆ. ಮಹ್ಸಾ ಅಮಿನಿ ಸಕ್ಕೆಜ್‌ನ ಕುರ್ದ್ ಮನೆಯ ಹುಡುಗಿ. ಆ ಸಾಲು ಬಂದ ಸಂಜೆ ಓದು ಅಲ್ಲಿಗೇ ನಿಂತಿತಂತೆ.

ಜಗಳ ಇರುವುದು ಅಡುಗೆಯವರ ಬಗ್ಗೆ. ಅರ್ಧ ಜನರನ್ನು ಉಳಿಸಿದ ಪುಣ್ಯಾತ್ಮರೋ, ದಿನಾ ಒಬ್ಬನನ್ನು ತಮ್ಮ ಕೈಯಾರೆ ಕೊಂದವರೋ? ಅವರು ಅಡುಗೆ ಮಾಡದಿದ್ದರೆ ಹಾವು ಎಂದೋ ಸಾಯುತ್ತಿತ್ತಲ್ವಾ ಅಂತ ಸೊಸೆ. ಒಳಗೆ ಸೇರಿಕೊಂಡು ಆದಷ್ಟು ಉಳಿಸುತ್ತೇವೆ ಅನ್ನುವವರಿಗೆ ಅವಳ ತಾಯಿ ತಂದೆ ಎಷ್ಟೋ ಚುನಾವಣೆಗಳಲ್ಲಿ ಓಟು ಹಾಕಿದ್ದಾರೆ. ಬಿಟ್ಟುಬಿಟ್ಟ ಆ ಒಬ್ಬನನ್ನು ಕೇಳಿ ನೋಡು ಅಂತ ಖೂಜೆಸ್ತಾನದವಳು. ಗೆಳೆಯನಿಗೆ ತಡೆಯಲಾಗದೆ ಮೈಕ್ ಆನ್ ಮಾಡಿ ಅಡುಗೆಯವರ ಪರ ಮಾತಾಡಿದನಂತೆ. ಐದೂ ಜನ ಸೇರಿ ಬೈದರಂತೆ. ಯಾವ ಕಡೆ ನೀನು ಅಂತ ನನ್ನನ್ನು ಕೇಳಿದ. ಕುರಿಯ ಮೆದುಳು ಬೆರೆಸುವ ಉಪಾಯ ಮೊದಲು ಯಾರಿಗೆ ಹೊಳೆಯಿತೋ ಅವನ ಕಡೆ ಅಂದೆ. ಅದು ಉತ್ತರವಲ್ಲ ಅಂದ. ಹೌದು, ಅಲ್ಲ.

ಸೊಹ್ರಾಬನ ಕಥೆ ಇನ್ನೂ ಬಹಳ ದೂರ ಇದೆ. ಈ ವೇಗದಲ್ಲಿ ಹೋದರೆ ಅವನು ಹುಟ್ಟುವುದಕ್ಕೇ ಎರಡು ವರ್ಷ ಬೇಕು ಅಂತ ಗೆಳೆಯ ಲೆಕ್ಕ ಹಾಕಿದ್ದಾನೆ.